ಒಳಬರುವ ಸರಕಿನ ತಪಾಸಣೆಯಿಂದ ವಿನಾಯಿತಿ: ಯಾವ ಸರಕಿಗೆ, ಯಾವ ಷರತ್ತಿನ ಮೇಲೆ?

ಪ್ರಶ್ನೆ (ಕುಶಾಲನಗರ)

ಎಲ್ಲರಿಗೂ ನಮಸ್ಕಾರ. ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಹುರಿದು, ಪುಡಿ ಮಾಡಿ ಪ್ಯಾಕ್ ಮಾಡುವ ಘಟಕವೊಂದರ ಗುಣಮಟ್ಟ ವಿಭಾಗವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಕಾಫಿ, ಚಿಕೋರಿ, ಲ್ಯಾಮಿನೇಟೆಡ್ ಪೌಚ್, ಕಾರ್ಟನ್ ಹೀಗೆ ಏನೇ ಬಂದರೂ ಸ್ಯಾಂಪಲ್ ತೆಗೆದು ಪರೀಕ್ಷಿಸಿದ ಮೇಲೆಯೇ ಸ್ಟೋರ್ಸ್‌ಗೆ ಹೋಗಬೇಕೆಂಬುದು ನಮ್ಮ ಪದ್ಧತಿ. ಕೊಯ್ಲಿನ ತಿಂಗಳುಗಳಲ್ಲಿ ಲ್ಯಾಬ್‌ನಲ್ಲಿ ಕಾಫಿ ಸ್ಯಾಂಪಲ್‌ಗಳೇ ರಾಶಿ ಬೀಳುವುದರಿಂದ ಪೌಚ್ ಮತ್ತು ಕಾರ್ಟನ್‌ಗಳು ಸರದಿಗಾಗಿ ಕಾಯುತ್ತವೆ, ಕೆಲವೊಮ್ಮೆ ಪ್ಯಾಕಿಂಗ್ ಲೈನ್ ಕೂಡ ನಿಲ್ಲುತ್ತದೆ.

ಪೌಚ್ ಪೂರೈಸುವವರ ಒಂದು ಲಾಟ್ (ಒಮ್ಮೆಗೆ ಬರುವ ಸರಕಿನ ತಂಡ) ಕೂಡ ಎರಡು ವರ್ಷಗಳಿಂದ ತಿರಸ್ಕೃತವಾಗಿಲ್ಲ, ಆದ್ದರಿಂದ ಅವರ ಸರಕನ್ನು ನೇರವಾಗಿ ಸ್ಟೋರ್ಸ್‌ಗೆ ಇಳಿಸಿಕೊಳ್ಳೋಣ ಎಂಬುದು ಆಡಳಿತದವರ ಅಭಿಪ್ರಾಯ. ಸಿದ್ದಾಪುರ ಕಡೆಯಿಂದ ಬಹಳ ಕಾಲದಿಂದ ಕಾಫಿ ಕೊಡುತ್ತಿರುವ ವ್ಯಾಪಾರಿಯೊಬ್ಬರಿಗೂ ಇದೇ ಸೌಲಭ್ಯ ಸಿಗಬೇಕೆಂದು ಖರೀದಿ ವಿಭಾಗ ಕೇಳುತ್ತಿದೆ. ಹೀಗೆ ಮಾಡಿದರೆ ಐಎಸ್‌ಒ 9001 (ಗುಣಮಟ್ಟ ನಿರ್ವಹಣೆಯ ಅಂತಾರಾಷ್ಟ್ರೀಯ ಮಾನದಂಡ) ಆಡಿಟ್‌ನಲ್ಲಿ ಆಕ್ಷೇಪ ಬರುತ್ತದೆಯೇ? ವಿನಾಯಿತಿಯನ್ನು ಯಾವ ಆಧಾರದ ಮೇಲೆ ಕೊಡಬೇಕು?

ಉತ್ತರ 1 (ಊರು ವಿರಾಜಪೇಟೆ, ಉದ್ಯೋಗ ಮೈಸೂರಿನ ವಾಹನ ಬಿಡಿಭಾಗ ಕಾರ್ಖಾನೆಯಲ್ಲಿ)

ಪ್ರತಿ ಲಾಟನ್ನೂ ಪರೀಕ್ಷಿಸಲೇಬೇಕೆಂದು ಐಎಸ್‌ಒ 9001:2015 ಎಲ್ಲಿಯೂ ಹೇಳುವುದಿಲ್ಲ. ಹೊರಗಿನಿಂದ ಬರುವ ಸರಕಿನ ಮೇಲೆ ಎಷ್ಟು ನಿಯಂತ್ರಣ ಬೇಕೆಂಬುದನ್ನು, ಆ ಸರಕು ನಿಮ್ಮ ಉತ್ಪನ್ನದ ಮೇಲೆ ಬೀರಬಹುದಾದ ಪರಿಣಾಮವನ್ನೂ ಪೂರೈಕೆದಾರರ ಕಡೆಯ ನಿಯಂತ್ರಣ ಎಷ್ಟು ಪರಿಣಾಮಕಾರಿ ಎಂಬುದನ್ನೂ ನೋಡಿ ನೀವೇ ನಿರ್ಧರಿಸಬೇಕೆಂದು ಅದರ 8.4ನೇ ಭಾಗ ಹೇಳುತ್ತದೆ. ಹಾಗಾಗಿ ಆಡಿಟರ್ ಕೇಳುವುದು ತಪಾಸಣೆಯನ್ನು ಏಕೆ ಬಿಟ್ಟಿರಿ ಎಂದಲ್ಲ, ಬಿಡಬಹುದೆಂದು ಯಾವ ದಾಖಲೆಯ ಮೇಲೆ ತೀರ್ಮಾನಿಸಿದಿರಿ ಎಂದು.

ಎರಡು ವರ್ಷದಿಂದ ತಿರಸ್ಕಾರವಿಲ್ಲ ಎಂಬ ಮಾತನ್ನು ಒಪ್ಪುವ ಮೊದಲು, ಆ ಎರಡು ವರ್ಷಗಳಲ್ಲಿ ನೀವು ಏನನ್ನು ಅಳೆದಿದ್ದೀರಿ ಎಂಬುದನ್ನು ನೋಡಿ. ಅಗಲ ಮತ್ತು ಮುದ್ರಣದ ಬಣ್ಣವನ್ನಷ್ಟೇ ನೋಡಿದ್ದರೆ, ಸೀಲ್‌ನ ಬಲದ ಬಗ್ಗೆ ನಿಮ್ಮ ದಾಖಲೆ ಏನನ್ನೂ ಹೇಳಲಾರದು. ಸ್ಯಾಂಪಲ್ ಲೆಕ್ಕಕ್ಕೂ ಒಂದು ಮಿತಿಯಿದೆ. 3,000 ಪೌಚ್‌ಗಳ ಲಾಟ್‌ಗೆ, ಸ್ಯಾಂಪಲ್ ತಪಾಸಣೆಯ ಮಾನದಂಡವಾದ ಐಎಸ್‌ಒ 2859-1ರ ಸಾಮಾನ್ಯ ಹಂತ 2ರಲ್ಲಿ, ಎಕ್ಯೂಎಲ್ (ಒಪ್ಪಬಹುದಾದ ದೋಷದ ಶೇಕಡಾವಾರು ಮಿತಿ) 1.0 ಇಟ್ಟುಕೊಂಡರೆ, 125 ಪೌಚ್ ತೆಗೆದು 3ರವರೆಗೆ ದೋಷವಿದ್ದರೆ ಲಾಟನ್ನು ಸ್ವೀಕರಿಸುತ್ತೇವೆ. ಲೆಕ್ಕ ಹಾಕಿ ನೋಡಿ: ಶೇಕಡಾ 2ರಷ್ಟು ದೋಷವಿರುವ ಲಾಟ್‌ಗಳು ಕೂಡ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಸಲ ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಆದ್ದರಿಂದ ಲಾಟ್ ಪಾಸಾಗಿದೆ ಎಂಬುದನ್ನಷ್ಟೇ ನೆಚ್ಚಿಕೊಳ್ಳದೆ, ಪ್ರತಿ ಸ್ಯಾಂಪಲ್‌ನಲ್ಲಿ ಎಷ್ಟು ದೋಷ ಸಿಕ್ಕಿತೆಂಬ ಅಂಕಿಗಳನ್ನು ಒಟ್ಟುಗೂಡಿಸಿ. ಜೊತೆಗೆ ನಿಮ್ಮ ಪ್ಯಾಕಿಂಗ್ ಲೈನ್‌ನಲ್ಲಿ ಸಿಕ್ಕ ದೋಷಗಳನ್ನೂ ಸೇರಿಸಿ.

ಒಮ್ಮೆಲೇ ತಪಾಸಣೆಯನ್ನು ನಿಲ್ಲಿಸುವುದಕ್ಕಿಂತ ನಡುವಿನ ದಾರಿಯೊಂದಿದೆ. ಲಾಟ್ ಬಿಟ್ಟು ಲಾಟ್ ಪರೀಕ್ಷಿಸುವ ಕ್ರಮವನ್ನು ಅಮೆರಿಕದ ಗುಣಮಟ್ಟ ತಜ್ಞ ಹೆರಾಲ್ಡ್ ಡಾಡ್ಜ್ 1955ರಲ್ಲಿಯೇ ರೂಪಿಸಿದ್ದರು, ಈಗ ಅದಕ್ಕೆ ಐಎಸ್‌ಒ 2859-3 ಇದೆ. ಮೊದಲು ಎರಡಕ್ಕೊಂದು, ಆಮೇಲೆ ಮೂರಕ್ಕೊಂದು, ನಾಲ್ಕಕ್ಕೊಂದು ಲಾಟ್ ಎಂದು ಇಳಿಸುತ್ತಾ ಹೋಗಬಹುದು. ಯಾವ ಲಾಟ್ ಪರೀಕ್ಷೆಗೆ ಬರುತ್ತದೆಂಬುದು ಪೂರೈಕೆದಾರರಿಗೆ ಮೊದಲೇ ತಿಳಿಯಬಾರದು. ಒಂದು ಲಾಟ್ ಪರೀಕ್ಷೆಯಲ್ಲಿ ಬಿದ್ದರೂ ಯಾರ ಅನುಮತಿಗೂ ಕಾಯದೆ ಪ್ರತಿ ಲಾಟ್‌ನ ತಪಾಸಣೆಗೆ ಮರಳಬೇಕೆಂಬುದನ್ನು ಬರವಣಿಗೆಯಲ್ಲಿ ಇಡಿ, ಏಕೆಂದರೆ ಲೈನ್ ನಿಂತಿರುವಾಗ ಕುಳಿತು ತೀರ್ಮಾನಿಸಲು ಹೊರಟರೆ ಆ ತೀರ್ಮಾನ ಯಾವಾಗಲೂ ಸಡಿಲವಾಗಿಯೇ ಇರುತ್ತದೆ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ವಿನಾಯಿತಿಯನ್ನು ಕಂಪನಿಯ ಹೆಸರಿಗೆ ಕೊಡದೆ, ಒಂದು ನಿರ್ದಿಷ್ಟ ಘಟಕದಲ್ಲಿ ತಯಾರಾಗುವ ಒಂದು ನಿರ್ದಿಷ್ಟ ಸರಕಿಗೆ ಕೊಡುವುದು. ನಮ್ಮಲ್ಲಿ ತಪಾಸಣೆಯಿಲ್ಲದೆ ನೇರವಾಗಿ ಬರುತ್ತಿದ್ದ ಒಂದು ಬಿಡಿಭಾಗದ ಬಿಲ್ಲಿನಲ್ಲಿ, ಜಿಎಸ್‌ಟಿ ಸಂಖ್ಯೆಯ ರಾಜ್ಯವನ್ನು ಸೂಚಿಸುವ ಮೊದಲ ಎರಡು ಅಂಕಿಗಳು ಕರ್ನಾಟಕದ 29ರ ಬದಲು 33 ಆಗಿರುವುದನ್ನು ಸ್ಟೋರ್ಸ್‌ನ ಗುಮಾಸ್ತರು ಗಮನಿಸಿದರು. ವಿಚಾರಿಸಿದಾಗ, ಪೂರೈಕೆದಾರರು ನಮಗೆ ತಿಳಿಸದೆಯೇ ತಯಾರಿಕೆಯನ್ನು ತಮಿಳುನಾಡಿನ ಇನ್ನೊಂದು ಘಟಕಕ್ಕೆ ವರ್ಗಾಯಿಸಿದ್ದರು ಎಂಬುದು ಗೊತ್ತಾಯಿತು. ಪಾರ್ಟ್ ನಂಬರ್, ಪೆಟ್ಟಿಗೆ, ಚೀಟಿ ಎಲ್ಲವೂ ಮೊದಲಿನಂತೆಯೇ ಇದ್ದವು. ನಿಮ್ಮ ವಿಷಯದಲ್ಲಿ ಫಿಲ್ಮ್, ಅಂಟು, ಶಾಯಿ, ವಾಲ್ವ್, ಯಂತ್ರ, ಸ್ಥಳ ಇವುಗಳಲ್ಲಿ ಯಾವುದೇ ಬದಲಾದರೂ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆಯಬೇಕೆಂಬ ಷರತ್ತಿಗೆ ಅವರ ಸಹಿ ಇಲ್ಲದಿದ್ದರೆ ವಿನಾಯಿತಿಯ ಮಾತನ್ನೇ ಎತ್ತಬೇಡಿ. ಅವರು ಕಳಿಸುವ ಟೆಸ್ಟ್ ಸರ್ಟಿಫಿಕೇಟ್‌ನಲ್ಲಿ ಆ ಲಾಟ್‌ನದೇ ಅಳತೆಗಳಿರಬೇಕು, "ಸರಿಯಿದೆ" ಎಂಬ ಒಂದೇ ಮಾತು ಸಾಲದು.

ಉತ್ತರ 2 (ಸುಂಟಿಕೊಪ್ಪ)

ಪೌಚ್ ಬಗ್ಗೆ ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಕಾಫಿಗೆ ಈ ವಿನಾಯಿತಿ ಖಂಡಿತ ಬೇಡ. ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ) ಕೆಲಸದಲ್ಲಿ ಇದ್ದವನಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಲಾಟ್ ಬಿಡುವ ಪದ್ಧತಿ ನಿಂತಿರುವುದು ಒಂದೇ ಪ್ರಕ್ರಿಯೆಯಿಂದ ಸತತವಾಗಿ ಸರಕು ಬರುತ್ತದೆ ಎಂಬ ಆಧಾರದ ಮೇಲೆ. ವ್ಯಾಪಾರಿಯ ಕಾಫಿ ಹಾಗಲ್ಲ, ಅದು ಹತ್ತಾರು ತೋಟಗಳ ಕಣಗಳಲ್ಲಿ ಒಣಗಿ ಬಂದಿರುತ್ತದೆ. ಜನವರಿಯಲ್ಲಿ ಒಂದು ಅಕಾಲಿಕ ಮಳೆ ಬಿದ್ದರೆ ಸಾಕು, ಅದೇ ವ್ಯಾಪಾರಿಯ ಅದೇ ವಾರದ ಎರಡು ಲೋಡ್‌ಗಳ ನಡುವೆ ಅಜಗಜಾಂತರವಿರುತ್ತದೆ. ಚೆರಿಯನ್ನು (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣನ್ನು) ಕೈಯಲ್ಲಿ ಅಲ್ಲಾಡಿಸಿದಾಗ ಗಲಗಲ ಸದ್ದು ಬಂದರೂ ಚೀಲದ ನಡುವಿನದು ಹಸಿಯಾಗಿರಬಹುದು. ಹಸಿರು (ಹುರಿಯದ) ಬೀಜದ ತೇವಾಂಶ ಶೇಕಡಾ 8ರಿಂದ 12.5ರ ಒಳಗಿರಬೇಕೆಂಬುದು ಅಂತಾರಾಷ್ಟ್ರೀಯ ಕಾಫಿ ಸಂಸ್ಥೆಯ ಮಾನದಂಡ. ಅದು ಮೀರಿದ ಕಾಫಿ ದಾಸ್ತಾನಿನಲ್ಲಿ ಬೂಷ್ಟು ಹಿಡಿದು ಆಕ್ರಾಟಾಕ್ಸಿನ್ ವಿಷಕ್ಕೆ ದಾರಿಯಾಗುತ್ತದೆ. ಹುರಿದ ಕಾಫಿಯಲ್ಲಿ ಅದರ ಮಿತಿಯನ್ನು ಯುರೋಪಿಯನ್ ಒಕ್ಕೂಟ 2023ರಿಂದ ಕಿಲೋಗೆ 5 ಮೈಕ್ರೋಗ್ರಾಮ್‌ನಿಂದ 3ಕ್ಕೆ ಇಳಿಸಿದೆ. ಹುರಿದರೆ ಅದು ಪೂರ್ತಿ ಹೋಗುವುದೂ ಇಲ್ಲ.

ಇನ್ನೊಂದು ಮಾತು. ನಮ್ಮ ಕೊಡಗಿನಲ್ಲಿ ಚೆರಿಯ ದರ ನಿಗದಿಯಾಗುವುದೇ ಔಟ್‌ಟರ್ನ್ (ಚೆರಿಯಿಂದ ಸಿಗುವ ಬೀಜದ ಪ್ರಮಾಣ) ಮತ್ತು ತೇವಾಂಶದ ಮೇಲೆ. ಪರೀಕ್ಷೆಯನ್ನೇ ಬಿಟ್ಟರೆ ಹಣವನ್ನು ಯಾವ ಲೆಕ್ಕದಲ್ಲಿ ಕೊಡುತ್ತೀರಿ? ಆ ವ್ಯಾಪಾರಿ ನಂಬಿಗಸ್ತರೇ ಇರಬಹುದು, ಅವರಿಗೂ ಅಳತೆಯ ಚೀಟಿ ಕೈಯಲ್ಲಿರುವುದು ಒಳ್ಳೆಯದು. ಸಮಯ ಉಳಿಸಬೇಕೆಂದಿದ್ದರೆ, ಲೋಡ್ ಹೊರಡುವ ಮೊದಲೇ ನಿಮ್ಮವರೊಬ್ಬರು ಸಿದ್ದಾಪುರದ ಗೋದಾಮಿಗೆ ಹೋಗಿ ಸ್ಯಾಂಪಲ್ ತೆಗೆದು ತೇವಾಂಶ ನೋಡಿ ಚೀಲಗಳಿಗೆ ಮುದ್ರೆ ಹಾಕಲಿ. ಆಗ ಕುಶಾಲನಗರದಲ್ಲಿ ಮುದ್ರೆ ಮತ್ತು ತೂಕವನ್ನು ನೋಡಿದರೆ ಸಾಕಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಕಾಫಿಯ ವಿಷಯವನ್ನು ಇಲ್ಲಿಗೇ ಕೈಬಿಡುತ್ತೇನೆ, ಗೋದಾಮಿನಲ್ಲೇ ಸ್ಯಾಂಪಲ್ ತೆಗೆಯುವ ಸಲಹೆಯನ್ನು ಖರೀದಿ ವಿಭಾಗದ ಮುಂದಿಡುತ್ತೇನೆ. ಪೌಚ್ ಮತ್ತು ಕಾರ್ಟನ್‌ಗಳಿಗೆ ಲಾಟ್ ಬಿಡುವ ಕ್ರಮ ಜಾರಿಯಾದ ಮೇಲೆ, ಪರೀಕ್ಷೆಯಿಲ್ಲದ ಲಾಟ್ ಬಂದ ದಿನವೂ ಮಾಡಲೇಬೇಕಾದ ಕೆಲಸಗಳು ಯಾವುವು?

ಉತ್ತರ 3 (ಮಡಿಕೇರಿ)

ಎಣಿಕೆ, ಬ್ಯಾಚ್ ನಂಬರ್, ತಯಾರಿಸಿದ ಘಟಕದ ವಿಳಾಸ ಮತ್ತು ಮುದ್ರಿತ ವಿವರಗಳ ಹೋಲಿಕೆ. ಇವನ್ನು ಯಾವ ಲಾಟ್‌ಗೂ ಬಿಡಬಾರದು. ಕಾಫಿ ಮತ್ತು ಚಿಕೋರಿಯ ಶೇಕಡಾವಾರು ಪ್ರಮಾಣ ಅಥವಾ ಎಫ್‌ಎಸ್‌ಎಸ್‌ಎಐ (ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ ತಪ್ಪಾಗಿ ಅಚ್ಚಾಗಿದ್ದರೆ, ಪೌಚ್ ಎಷ್ಟೇ ಗಟ್ಟಿಯಾಗಿದ್ದರೂ ಸರಕನ್ನು ಮಾರುಕಟ್ಟೆಯಿಂದ ವಾಪಸ್ ತರಿಸಬೇಕಾಗುತ್ತದೆ. ಅದೇ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಾವಳಿಯ ಪ್ರಕಾರ ಪ್ಲಾಸ್ಟಿಕ್‌ನಿಂದ ಆಹಾರಕ್ಕೆ ಸೇರುವ ಒಟ್ಟು ಅಂಶ ಕಿಲೋಗೆ 60 ಮಿಲಿಗ್ರಾಮ್ ಮೀರಬಾರದು. ಆ ಪರೀಕ್ಷೆಯ ವರದಿ ಪೌಚ್‌ನ ರಚನೆಗೆ ಸಂಬಂಧಿಸಿದ್ದು, ಲಾಟ್ ಬಿಟ್ಟರೂ ಅದನ್ನು ಕಾಲಕಾಲಕ್ಕೆ ಹೊಸದಾಗಿ ತರಿಸಿಕೊಳ್ಳುತ್ತಿರಬೇಕು.

ಕಾರ್ಟನ್‌ಗಳಿಗೆ ಮಾತ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿನಾಯಿತಿ ಇಡಬೇಡಿ. ನಮ್ಮ ಮಳೆಗಾಲದ ಗಾಳಿಯಲ್ಲಿ ರಟ್ಟು ತೇವ ಹೀರಿಕೊಂಡು ಬಲ ಕಳೆದುಕೊಳ್ಳುತ್ತದೆ, ಕಾರ್ಖಾನೆಯಿಂದ ಹೊರಟಾಗ ಸರಿಯಿದ್ದ ಪೆಟ್ಟಿಗೆ ನಿಮ್ಮ ಬಾಗಿಲಿಗೆ ಬರುವಾಗ ಹಾಗೆಯೇ ಇರುತ್ತದೆಂದು ಪೂರೈಕೆದಾರರ ಸರ್ಟಿಫಿಕೇಟ್ ಹೇಳಲಾರದು.