ಅಮೆರಿಕದ ಪ್ರೈಮರಿಯಲ್ಲಿ ಸಂಬಳವಿಲ್ಲದೆ ಮನೆ ಮನೆ ತಿರುಗಿದವರು ಇಲ್ಲಿ ಯಾರಾದರೂ ಇದ್ದೀರಾ?

ಹೊಸನಗರದ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಮೇಷ್ಟ್ರು. ಈಗ ಹೊಸನಗರದ ಹತ್ತಿರ ಎರಡೆಕರೆ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಕಳೆದ ವಾರ ನಮ್ಮಲ್ಲಿ ಅಡಿಕೆ ಸುಲಿಯುವ ಕೆಲಸ ನಡೆದಿತ್ತು. ತಂಗಿಯ ಮಗ ಅಮೆರಿಕದಿಂದ ರಜೆಗೆ ಬಂದಿದ್ದ. ಅವನೂ ಒಂದು ಮೆಟ್ಟುಗತ್ತಿ ಎಳೆದುಕೊಂಡು ಕೂತ. ರಾತ್ರಿಯೆಲ್ಲಾ ಕೂತರೂ ಒಂದು ಬುಟ್ಟಿ ತುಂಬಲಿಲ್ಲ, ಅದು ಬೇರೆ ಮಾತು.

ಸುಲಿಯುತ್ತಾ ಒಂದು ಕಥೆ ಹೇಳಿದ. 2020ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಅಧ್ಯಕ್ಷ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಕೇಳುತ್ತಿದ್ದ ಬರ್ನಿ ಸ್ಯಾಂಡರ್ಸ್ ಪರವಾಗಿ ಪ್ರತಿ ಶನಿವಾರ, ಭಾನುವಾರ ಮನೆ ಮನೆಗೆ ಹೋಗಿ ಬಾಗಿಲು ಬಡಿದನಂತೆ. ಒಂದು ಪೈಸೆ ಸಿಗಲಿಲ್ಲವಂತೆ. ಕೂತವರೆಲ್ಲ ನಕ್ಕುಬಿಟ್ಟರು. "ಪೆಟ್ರೋಲ್ ಇಲ್ಲ, ಬಾಡೂಟ ಇಲ್ಲ, ಯಾರು ಹೋಗ್ತಾರೆ ಮಾರಾಯಾ" ಅಂದರು. ಹುಡುಗ ಮುಖ ಸಣ್ಣ ಮಾಡಿಕೊಂಡ.

ನನಗೆ ಅರ್ಥವಾಗದ್ದು ಇಷ್ಟು. ಒಂದೇ ಪಕ್ಷದವರು ತಮ್ಮತಮ್ಮಲ್ಲೇ ಯಾಕೆ ಚುನಾವಣೆ ಮಾಡಿಕೊಳ್ಳುತ್ತಾರೆ? ಅದಕ್ಕೆ ದುಡ್ಡು ಯಾರು ಕೊಡುತ್ತಾರೆ? ಅವನಿಗೆ ಆಗ ಇದ್ದದ್ದು ಎಚ್1ಬಿ ವೀಸಾ. ಹೀಗೆಲ್ಲ ತಿರುಗಿದ್ದು ಮುಂದೆ ತೊಂದರೆ ಆಗುತ್ತದಾ? ಅವನ ತಾಯಿಗೆ ಅದೇ ಚಿಂತೆ. ನನಗೆ ಆ ಪ್ರಚಾರದ ಒಂದು ಟೋಪಿ ಬೇರೆ ತಂದುಕೊಟ್ಟಿದ್ದಾನೆ.

ಆರಗದ ಕಡೆಯವಳು:

ಮೇಷ್ಟ್ರೇ, ನಿಮ್ಮ ಹುಡುಗ ಸುಳ್ಳು ಹೇಳಿಲ್ಲ. ನಾನೂ ಅದೇ ಚಳಿಗಾಲ ಅದೇ ಮನುಷ್ಯನಿಗೆ ಬಾಗಿಲು ಬಡಿದವಳು. ಆದರೆ ಅಯೋವಾ ರಾಜ್ಯದಲ್ಲಿ. 14 ವರ್ಷ ಡೆಮೊಯ್ನ್ ಪಕ್ಕದ ಊರಿನಲ್ಲಿದ್ದೆ, ಈಗ ವಾಪಸ್ ಬಂದು ತೀರ್ಥಹಳ್ಳಿಯಲ್ಲಿ ಇದ್ದೇನೆ.

ಮೊದಲು ತಾಯಿಯ ಚಿಂತೆ. ಎಚ್1ಬಿಯಲ್ಲಿ ಇರುವವರು ಓಟು ಹಾಕುವಂತಿಲ್ಲ, ದೇಣಿಗೆ ಕೊಡುವಂತಿಲ್ಲ. ಸಂಬಳ ತೆಗೆದುಕೊಳ್ಳದೆ ಸುಮ್ನೆ ಕೆಲಸ ಮಾಡಿಕೊಡಬಹುದು, ಅದಕ್ಕೆ ಚುನಾವಣಾ ಕಾನೂನಿನ ಅಡ್ಡಿ ಇಲ್ಲ. ಗ್ರೀನ್ ಕಾರ್ಡ್ ಬಂದರೆ ದೇಣಿಗೆ ಕೊಡಬಹುದು, ಓಟಿಗೆ ಮಾತ್ರ ಪೌರತ್ವವೇ ಬೇಕು. ಟೋಪಿಯ ವಿಷಯ ತಮಾಷೆಯಾಗಿದೆ. ಪ್ರಚಾರದವರಿಂದ ಟೀ ಶರ್ಟ್, ಟೋಪಿ ಕೊಂಡರೂ ಅದು ದೇಣಿಗೆಯ ಲೆಕ್ಕವೇ. ಹಾಗಾಗಿ ಅವನು ಕೊಳ್ಳುವಂತಿರಲಿಲ್ಲ. ಯಾರಾದರೂ ಕೊಟ್ಟದ್ದಾ ಅಂತ ಒಮ್ಮೆ ಕೇಳಿ ನೋಡಿ.

ಎರಡನೆಯದು. ನಮ್ಮಲ್ಲಿ ಬಿ ಫಾರಂ ಯಾರಿಗೆ ಅಂತ ಬೆಂಗಳೂರಿನಲ್ಲೋ ದೆಹಲಿಯಲ್ಲೋ ನಿರ್ಧಾರ ಆಗುತ್ತದೆ. ಕೊನೆಯ ದಿನದವರೆಗೂ ಆಕಾಂಕ್ಷಿಗಳು ಸೂಟ್‌ಕೇಸ್ ಹಿಡಿದು ಕಾಯುತ್ತಾರೆ, ಅಲ್ವಾ? ಅಲ್ಲಿ ಅಧ್ಯಕ್ಷ ಸ್ಥಾನದ ಬಿ ಫಾರಂ ಯಾರಿಗೆ ಅಂತ ಪಕ್ಷದ ಸಾಮಾನ್ಯ ಮತದಾರರು ರಾಜ್ಯ ರಾಜ್ಯವಾಗಿ ಓಟು ಹಾಕಿ ಹೇಳುತ್ತಾರೆ. ಅದೇ ಪ್ರೈಮರಿ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಯಾವ ಪಕ್ಷಕ್ಕೂ ಹೆಸರು ಬರೆಸದವರೂ ಬಂದು ಓಟು ಹಾಕಬಹುದು. ನಿಮ್ಮ ಹುಡುಗ ಬಾಗಿಲು ಬಡಿದದ್ದರಲ್ಲಿ ಅಂಥ ಮನೆಗಳು ಜಾಸ್ತಿ ಇದ್ದಿರಬೇಕು.

ಅಯೋವಾದಲ್ಲಿ ಆಗ ಓಟಿನ ಪೆಟ್ಟಿಗೆಯೇ ಇರಲಿಲ್ಲ. ಕಾಕಸ್ ಅನ್ನುತ್ತಾರೆ. 2020ರ ಫೆಬ್ರವರಿ 3, ಸೋಮವಾರ ಸಂಜೆ ಏಳಕ್ಕೆ ಊರವರೆಲ್ಲ ಒಂದು ಶಾಲೆಯ ಆಟದ ಹಾಲ್‌ನಲ್ಲಿ ಸೇರಿದೆವು. ಒಂದೊಂದು ಮೂಲೆ ಒಬ್ಬೊಬ್ಬ ಅಭ್ಯರ್ಥಿಗೆ. ನಿಮ್ಮವರ ಮೂಲೆಗೆ ಹೋಗಿ ನಿಲ್ಲಬೇಕು. ಗುಟ್ಟು ಗಿಟ್ಟು ಏನೂ ಇಲ್ಲ. ಪಕ್ಕದ ಮನೆಯವರು ನೋಡುತ್ತಾರೆ, ನಿಮ್ಮ ಡಾಕ್ಟರ್ ನೋಡುತ್ತಾರೆ. ನಮ್ಮಲ್ಲಿ 212 ಜನ ಸೇರಿದ್ದರು. ಒಂದು ಗುಂಪು ಉಳಿಯಲು ಶೇಕಡಾ 15 ಬೇಕು, ಅಂದರೆ 32 ತಲೆ. ಅಷ್ಟು ಇಲ್ಲದ ಗುಂಪಿನವರು ಬೇರೆ ಮೂಲೆಗೆ ಹೋಗಬಹುದು, ಇಲ್ಲವಾದರೆ ಮನೆಗೆ. ಆ ಹದಿನೈದು ನಿಮಿಷದ ಗಲಾಟೆ ನೋಡಬೇಕು ನೀವು! ಥೇಟ್ ನಮ್ಮ ಕಬಡ್ಡಿ ಅಂಕಣ. ಎಲ್ಲರೂ ಕೈಹಿಡಿದು ಎಳೆಯುವವರೇ.

ಅದಕ್ಕೆ ಮುಂಚಿನ ಎರಡು ತಿಂಗಳು ನಾನು ಮಾಡಿದ್ದು ಮದುವೆ ಕರೆಯೋ ಕೆಲಸ. ನಿಜ ಹೇಳುತ್ತೇನೆ, ಅದಕ್ಕಿಂತ ಹತ್ತಿರದ ಹೋಲಿಕೆ ನನಗೆ ಸಿಕ್ಕಿಲ್ಲ. ಫೋನಿನಲ್ಲಿ ಮಿನಿವ್ಯಾನ್ ಅನ್ನೋ ಆ್ಯಪ್. ಅದರಲ್ಲಿ ಬೀದಿ, ಮನೆ, ಮನೆಯಲ್ಲಿ ಇರುವವರ ಹೆಸರು. ಮಾತಾಡಿ ಬಂದ ಮೇಲೆ ಒಂದರಿಂದ ಐದರವರೆಗೆ ಅಂಕ ಹಾಕಬೇಕು. ಒಂದು ಅಂದರೆ ಗಟ್ಟಿ ನಮ್ಮವರು, ಐದು ಅಂದರೆ ಆ ಮನೆಗೆ ಮತ್ತೆ ಹೋಗಬೇಡಿ ಅಂತ. ನಮ್ಮ ಬೂತ್ ಏಜೆಂಟರ ತಲೆಯಲ್ಲಿ ಇರುವ ಲೆಕ್ಕವೇ ಅದು, ಅಲ್ಲಿ ಫೋನಿನಲ್ಲಿ. ಒಂದು ದಿನ ಸೊನ್ನೆಗಿಂತ 15 ಡಿಗ್ರಿ ಕೆಳಗೆ ಇತ್ತು. 40 ಬಾಗಿಲು ಬಡಿದೆ, ತೆರೆದದ್ದು 9. ಹೊಲದ ನಡುವೆ ಒಂಟಿ ಮನೆಗಳು, ಮನೆಗೊಂದು ನಾಯಿ. ಅದಕ್ಕೇನೂ ಹೆದರಿಕೆ ಆಗಲಿಲ್ಲ. ತೋಟ ದಾಟಿ, ಸಂಕ ದಾಟಿ ಕರೆಯೋಕೆ ಹೋಗಿ ಅಭ್ಯಾಸ ಇದ್ದವರಿಗೆ ಅದೇನು ಮಹಾ. ಉಂಬಳ, ಅದೇ ಜಿಗಣೆ, ಇಲ್ಲ ಅನ್ನೋದೊಂದು ಸುಖ.

ವಾದ ಮಾಡಿ ಗೆಲ್ಲಬೇಕು ಅಂತ ಮೊದಮೊದಲು ಓದಿಕೊಂಡು ಹೋಗುತ್ತಿದ್ದೆ. ಆರೋಗ್ಯ ವಿಮೆ, ಕಾಲೇಜು ಸಾಲ, ಎಲ್ಲಾ ಬಾಯಿಪಾಠ. ಒಬ್ಬಳು ಅಜ್ಜಿ ಒಳಗೆ ಕೂರಿಸಿ ಇನ್ಸುಲಿನ್ ಬಿಲ್ಲುಗಳನ್ನು ಮೇಜಿನ ಮೇಲೆ ಹರಡಿದಳು. 40 ನಿಮಿಷ ಅವಳೇ ಮಾತಾಡಿದಳು. ನಾನು ಕಾಫಿ ಕುಡಿದೆ, ಅಷ್ಟೇ. ಕೆಟ್ಟ ಕಾಫಿ. ಏಳುವಾಗ "ಸೋಮವಾರ ನನ್ನನ್ನು ಕಾರಲ್ಲಿ ಕರೆದುಕೊಂಡು ಹೋಗ್ತೀಯಾ?" ಅಂದಳು. ಆಮೇಲೆ ನಾನು ವಾದ ಮಾಡುವುದನ್ನು ಬಿಟ್ಟೆ. ಬಹಳ ಜನರ ಮನಸ್ಸು ಮೊದಲೇ ಗಟ್ಟಿಯಾಗಿರುತ್ತದೆ. ಅವರನ್ನು ಆ ಚಳಿಯಲ್ಲಿ ಮನೆಯಿಂದ ಹೊರಡಿಸುವುದೇ ಕೆಲಸ.

ಇನ್ನೊಬ್ಬ ಮುದುಕ ರೈತ. ಎರಡು ಸಲ ಹೋದರೂ "ನಾನು ಆಂಡ್ರ್ಯೂ ಯಾಂಗ್ ಕಡೆ" ಅಂತ ಇನ್ನೊಬ್ಬ ಅಭ್ಯರ್ಥಿಯ ಹೆಸರು ಹೇಳಿ ಬಾಗಿಲಲ್ಲೇ ಕಳಿಸಿದ್ದ. ಆ ಸಂಜೆ ಯಾಂಗ್ ಗುಂಪು 32 ಮುಟ್ಟಲಿಲ್ಲ. ನಾಲ್ಕು ಮೂಲೆಯವರು ಅವನನ್ನು ಮುತ್ತಿಕೊಂಡರು. ಅವನು ಕೋಲೂರಿಕೊಂಡು ಸೀದಾ ನಮ್ಮ ಮೂಲೆಗೆ ಬಂದ. "ಹಿಮದಲ್ಲಿ ಎರಡು ಸಲ ಬಂದಿದ್ದೆಯಲ್ಲ, ಬೇರೆ ಯಾರೂ ಬರಲಿಲ್ಲ" ಅಂದ.

ದುಡ್ಡಿನ ವಿಷಯ ಯಾರಾದರೂ ಬರೆಯಿರಿ. ನನಗೆ ಒಲೆ ಮೇಲೆ ಅನ್ನ ಇದೆ.

ಭದ್ರಾವತಿ ಲೆಕ್ಕಿಗ:

ದುಡ್ಡಿನ ಕಥೆ ನಾನು ಹೇಳುತ್ತೇನೆ, ಆದರೆ ಪೂರ್ತಿ ಹೇಳುತ್ತೇನೆ. 2016ರಲ್ಲಿ ಸ್ಯಾಂಡರ್ಸ್ ಹೋದಲ್ಲೆಲ್ಲ "ಸರಾಸರಿ ದೇಣಿಗೆ 27 ಡಾಲರ್" ಅಂತ ಹೇಳಿಕೊಂಡು ತಿರುಗಿದರು. 2019ರ ಕೊನೆಯ ಮೂರು ತಿಂಗಳಲ್ಲಿ 3 ಕೋಟಿ 45 ಲಕ್ಷ ಡಾಲರ್ ಬಂತು. ಸರಾಸರಿ 18 ಡಾಲರ್ ಚಿಲ್ಲರೆ. ಒಬ್ಬರು ಒಬ್ಬ ಅಭ್ಯರ್ಥಿಗೆ ಪ್ರೈಮರಿಗೆ ಕೊಡಬಹುದಾದ ಮಿತಿ ಆಗ 2,800 ಡಾಲರ್. ಸಣ್ಣ ಮೊತ್ತ ಕೊಡುವವರ ಲಾಭ ಏನು ಅಂದರೆ ಮಿತಿ ಮುಟ್ಟುವುದೇ ಇಲ್ಲ, ಮುಂದಿನ ತಿಂಗಳು ಮತ್ತೆ ಕೇಳಬಹುದು. ಪಿಗ್ಮಿ ಕಟ್ಟಿದ ಹಾಗೆ.

ಅದೇ ಸಲ ಇನ್ನೊಬ್ಬ ಆಕಾಂಕ್ಷಿ, ಭಾರೀ ಶ್ರೀಮಂತ ಮೈಕಲ್ ಬ್ಲೂಮ್‌ಬರ್ಗ್ ಸ್ವಂತ ದುಡ್ಡು 100 ಕೋಟಿ ಡಾಲರ್ ಆಸುಪಾಸು ಸುರಿದರು. ಗೆದ್ದದ್ದು ಅಮೆರಿಕನ್ ಸಮೋವಾ ಅನ್ನೋ ದ್ವೀಪ ಒಂದೇ. ಇಲ್ಲಿಯವರೆಗೂ ನಿಮ್ಮ ಕಥೆ ಚೆಂದ.

ಆದರೆ ಗೆದ್ದದ್ದು ಯಾರು? ದುಡ್ಡೂ ಕಡಿಮೆ ಇದ್ದ, ಬಾಗಿಲು ಬಡಿಯುವವರೂ ಕಡಿಮೆ ಇದ್ದ ಬೈಡನ್. ಫೆಬ್ರವರಿ 29ಕ್ಕೆ ಸೌತ್ ಕೆರೊಲಿನಾ ಗೆದ್ದರು. ಮೂರು ದಿನ ಕಳೆದು ಮಾರ್ಚ್ 3ಕ್ಕೆ ಹತ್ತು ರಾಜ್ಯ. ಏಪ್ರಿಲ್ 8ಕ್ಕೆ ಸ್ಯಾಂಡರ್ಸ್ ಹಿಂದೆ ಸರಿದರು. ಹಿಮದಲ್ಲಿ ಎರಡು ಸಲ ಹೋಗಿ ಏನು ಬಂತು ಅಕ್ಕಾ?

ಆರಗದ ಕಡೆಯವಳು:

ಸೋತೆವು, ಒಪ್ಪಿದೆ. ನಮ್ಮ ಹಾಲ್‌ನಲ್ಲಿ ಎಣಿಸಿದ್ದು ಬಿಟ್ಟರೆ ಇಡೀ ಅಯೋವಾದಲ್ಲಿ ಗೆದ್ದದ್ದು ಯಾರು ಅಂತಲೂ ಆ ರಾತ್ರಿ ಗೊತ್ತಾಗಲಿಲ್ಲ. ಲೆಕ್ಕ ಕಳಿಸುವ ಆ್ಯಪ್ ಕೈಕೊಟ್ಟಿತ್ತು. ಮರುದಿನ ಸಂಜೆವರೆಗೆ ಫಲಿತಾಂಶವೇ ಇಲ್ಲ. ಕೊನೆಗೆ ತಲೆ ಎಣಿಸಿದರೆ ಸ್ಯಾಂಡರ್ಸ್ ಮುಂದೆ, ಪಕ್ಷದ ಸಮಾವೇಶಕ್ಕೆ ಹೋಗುವ ಪ್ರತಿನಿಧಿಗಳ ಲೆಕ್ಕದಲ್ಲಿ ಇನ್ನೊಬ್ಬ ಅಭ್ಯರ್ಥಿ ಪೀಟ್ ಬುಟಜೆಜ್ ಕೂದಲೆಳೆ ಮುಂದೆ. ನಿಮ್ಮ ಹುಡುಗನ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮಾತ್ರ ಫೆಬ್ರವರಿ 11ಕ್ಕೆ ಗೆದ್ದರು ಮೇಷ್ಟ್ರೇ, ಅದನ್ನು ಆ ಸುಲಿಯುವವರಿಗೆ ಹೇಳಿ.

ಬೈಡನ್ ವಿಷಯ ಭದ್ರಾವತಿಯವರು ಹೇಳಿದ್ದು ಸರಿ. ಆದರೆ ಅವರನ್ನು ಸೌತ್ ಕೆರೊಲಿನಾದವರಿಗೆ ಪರಿಚಯ ಮಾಡಿಸುವುದೇ ಬೇಕಿರಲಿಲ್ಲ. ಒಬಾಮಾ ಜೊತೆ ಎಂಟು ವರ್ಷ ಉಪಾಧ್ಯಕ್ಷರು. ಮನೆಯವರನ್ನು ಯಾರೂ ಕರೆಯೋಕೆ ಹೋಗುವುದಿಲ್ಲವಲ್ಲ. ಹೊರಗಿನವರೇ ಬಾಗಿಲು ಬಡಿಯಬೇಕು.

ಆ ಅಜ್ಜಿ ಈಗಲೂ ಕ್ರಿಸ್‌ಮಸ್‌ಗೆ ಕಾರ್ಡ್ ಕಳಿಸುತ್ತಾಳೆ. ಇದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಸುಮ್ನೆ ಹೇಳಿದೆ.

ಸಾಗರದ ಹಳಬ:

ಅಡಿಕೆ ಸುಲಿಯುವಾಗ ನಕ್ಕವರು ಹೊಸನಗರದವರೇ ಅಂದಮೇಲೆ ನನಗೆ ನಗು ಬಂತು. ಅದೇ ಸಾಗರ, ಹೊಸನಗರ ಕಡೆಯ ಜನ 1952ರಲ್ಲಿ ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು ಶಾಸನಸಭೆಗೆ ಗೆಲ್ಲಿಸಿದ್ದು. ಅದರ ಹಿಂದಿನ ವರ್ಷವೇ ಗೇಣಿದಾರರ ಕಾಗೋಡು ಸತ್ಯಾಗ್ರಹ. ಲೋಹಿಯಾ ಬಂದು ಬಂಧನಕ್ಕೆ ಒಳಗಾದದ್ದೂ ಆಗಲೇ. ಗೌಡರ ಹತ್ತಿರ ಕಾಸಿರಲಿಲ್ಲ. "ಒಂದು ನೋಟು, ಒಂದು ಓಟು" ಅಂತ ಕೇಳುತ್ತಿದ್ದರು. ನಮ್ಮಜ್ಜ ಗೇಣಿದಾರ. ಒಂದು ರೂಪಾಯಿ ಕೊಟ್ಟದ್ದನ್ನು ಸಾಯುವವರೆಗೂ ಹೇಳುತ್ತಿದ್ದ. ಅದೂ ಸಾಲ ತಂದು ಕೊಟ್ಟದ್ದಂತೆ. ಕೇಳಿದವರಿಗೆ ಓಟು ಹಾಕದೆ ಇರಬಹುದು, ನಾನೇ ರೂಪಾಯಿ ಕೊಟ್ಟ ಮನುಷ್ಯನಿಗೆ ಓಟು ಹಾಕದೆ ಇರೋಕಾಗುತ್ತಾ, ನನ್ನ ರೂಪಾಯಿ ಅಲ್ಲಿದೆಯಲ್ಲ ಅನ್ನುತ್ತಿದ್ದ.

ಆರಗದ ಅಕ್ಕನಿಗೆ ಒಂದು ಮಾತು. ಗೋಪಾಲಗೌಡರು ಹುಟ್ಟಿದ್ದು ನಿಮ್ಮ ಆರಗದಲ್ಲೇ. ಅದನ್ನು ಬಿಟ್ಟು ಬರೆದಿರಲ್ಲ!

ಆರಗದ ಕಡೆಯವಳು:

ಬಿಟ್ಟದ್ದಲ್ಲ, ಅನ್ನ ಸೀದು ಹೋಗ್ತಿತ್ತು.

ಹೊಸನಗರದ ಮೇಷ್ಟ್ರು:

ಎಲ್ಲರಿಗೂ ಧನ್ಯವಾದ. ಹುಡುಗನನ್ನು ಕೇಳಿದೆ. ಟೋಪಿ ಅವನು ಕೊಂಡದ್ದಲ್ಲವಂತೆ. ಜೊತೆಗೆ ತಿರುಗುತ್ತಿದ್ದ ಅಲ್ಲಿಯ ಹುಡುಗಿ ಕೊಟ್ಟದ್ದಂತೆ. ತಂಗಿಗೆ ವೀಸಾದ ಚಿಂತೆ ಹೋಯಿತು. ಈಗ ಆ ಹುಡುಗಿ ಯಾರು ಅಂತ ಶುರುವಾಗಿದೆ.