ಎಚ್‌ಓ ಮಾದರಿ ರೈಲು ಲೇಔಟ್ ಫೋಟೋದಲ್ಲಿ ಆಟಿಕೆಯಂತೆ ಕಾಣುತ್ತಿದೆ: ಜಲ್ಲಿ ಹಾಕುವ ಮುಂಚೆ ಏನೇನು ಸರಿಮಾಡಬೇಕು?

ಕಿರುಹಳಿ:

ಎಲ್ಲರಿಗೂ ನಮಸ್ಕಾರ. 1:87 ಅಳತೆಯ ಎಚ್‌ಓ ಲೇಔಟ್, ಅಂದರೆ ನಿಜಕ್ಕಿಂತ 87 ಪಟ್ಟು ಚಿಕ್ಕದಾದ ಮಾದರಿ ರೈಲುದಾರಿ, ಅರ್ಧಕ್ಕೆ ಬಂದಿದೆ. ಹಲಗೆ 240 ಸೆಂ.ಮೀ ಉದ್ದ, 75 ಸೆಂ.ಮೀ ಅಗಲ, 9 ಮಿ.ಮೀ ಪ್ಲೈವುಡ್, ಕೆಳಗೆ 40 ಸೆಂ.ಮೀಗೊಂದು ಅಡ್ಡಪಟ್ಟಿ. ಒಂದು ಸಣ್ಣ ಸ್ಟೇಷನ್, ಒಂದು ಕ್ರಾಸಿಂಗ್ ಲೂಪ್ (ಎರಡು ಗಾಡಿ ಒಂದನ್ನೊಂದು ದಾಟಲು ಪಕ್ಕದ ಹಳಿ), ಒಂದು ಗೂಡ್ಸ್ ಸೈಡಿಂಗ್ (ಸರಕು ಬೋಗಿ ನಿಲ್ಲುವ ಹಳಿ). ಗಾಡಿ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತದೆ, ಸುತ್ತು ಹೊಡೆಯುವುದಿಲ್ಲ. ಕೋಡ್ 100 ಫ್ಲೆಕ್ಸ್ (ಬೇಕಾದಂತೆ ಬಾಗಿಸಬಹುದಾದ) ಹಳಿ, 3 ಮಿ.ಮೀ ಕಾರ್ಕ್ ಮೇಲೆ ಪಿನ್ ಹೊಡೆದು ನಿಲ್ಲಿಸಿದೆ ಅಷ್ಟೇ, ಗೋಂದು ಹಾಕಿಲ್ಲ. ಹಳಿಗಳೆಲ್ಲ ಹಲಗೆಯ ಅಂಚಿಗೆ ಸಮಾನಾಂತರ. ಹಿಂದಿನ ಪರದೆ 45 ಸೆಂ.ಮೀ ಎತ್ತರ, ಅದರಲ್ಲಿ ಕೆಳಗಿನ 15 ಸೆಂ.ಮೀ ಹೊಲಗದ್ದೆ, ಅದರ ಮೇಲೆ ಬೆಟ್ಟ, ಆಮೇಲೆ ಆಕಾಶ. ಮುಂದಿನ ಅಂಚಿಗೆ 3 ಸೆಂ.ಮೀ ಎತ್ತರದ ಬೀಡಿಂಗ್ (ಅಂಚುಪಟ್ಟಿ) ಇದೆ.

ಗಾಡಿ ತೊಂದರೆಯಿಲ್ಲದೆ ಓಡುತ್ತದೆ, ಎದುರು ನಿಂತು ನೋಡಿದರೂ ಚೆನ್ನಾಗಿದೆ. ಫೋಟೋದಲ್ಲಿ ಮಾತ್ರ ಆಟದ ಸಾಮಾನಿನಂತೆ ಕಾಣುತ್ತದೆ. ಇಂಜಿನ್ ಮೂತಿ ಸ್ಪಷ್ಟವಾಗಿದ್ದರೆ ಹಿಂದಿನ ಬೋಗಿ ಮಸುಕು. ಎಪಿಎಸ್‌-ಸಿ (ಮಧ್ಯಮ ಅಳತೆಯ ಸೆನ್ಸರ್) ಕ್ಯಾಮೆರಾ, 18–55 ಮಿ.ಮೀ ಲೆನ್ಸ್, ಜೊತೆಗೆ ಮೊಬೈಲ್ ಇದೆ. ಬೆಳಕಿಗೆ ಕೋಣೆಯ ಟ್ಯೂಬ್‌ಲೈಟ್ ಮತ್ತು ಮುಂದಿನ ಅಂಚಿನ ಮೇಲೆ ಡಿಮ್ಮರ್ ಇರುವ ಎಲ್‌ಇಡಿ ಪಟ್ಟಿ. ಜಲ್ಲಿ ಹಾಕಿದ ಮೇಲೆ ಕೀಳುವುದು ಕಷ್ಟ, ಹಾಗಾಗಿ ಈಗಲೇ ಬದಲಿಸಬೇಕಾದ್ದು ಏನಿದ್ದರೂ ಹೇಳಿ.

ಮಸೂರ:

ಸರಿಯಾದ ಹೊತ್ತಿಗೆ ಕೇಳಿದ್ದೀರಿ. ಇಂಥ ಲೇಔಟಿನಲ್ಲಿ ಕ್ಯಾಮೆರಾ ಎಲ್ಲಿ ಕೂರುತ್ತದೆ ಎಂದು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಹಳಿಯ ಜಾಗ ಹಿಡಿಯಬೇಕು. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ಮೊದಲು ಎತ್ತರದ ಲೆಕ್ಕ. ನಿಂತ ಮನುಷ್ಯನ ಕಣ್ಣು ನೆಲದಿಂದ ಸುಮಾರು 165 ಸೆಂ.ಮೀ ಮೇಲಿರುತ್ತದೆ. 87ರಿಂದ ಭಾಗಿಸಿ: 19 ಮಿ.ಮೀ. ಲೆನ್ಸಿನ ನಡುಭಾಗ ನಿಮ್ಮ ಲೇಔಟಿನ ನೆಲದಿಂದ 2 ಸೆಂ.ಮೀ ಮೇಲಿದ್ದರೆ ಮಾತ್ರ ಅದು ಹಳಿಯ ಪಕ್ಕ ನಿಂತವನ ನೋಟ. 30 ಸೆಂ.ಮೀ ಮೇಲಿಂದ ತೆಗೆದರೆ ಅದು 26 ಮೀಟರ್ ಎತ್ತರದಿಂದ ನೋಡಿದಂತೆ, ಸುಮಾರು ಎಂಟು ಮಹಡಿ. ನಿಮ್ಮದರಂಥ ಕ್ಯಾಮೆರಾವನ್ನು ಹಲಗೆಯ ಮೇಲಿಟ್ಟರೆ ಅದರ ಲೆನ್ಸ್ ನಡುಭಾಗ ಸಾಮಾನ್ಯವಾಗಿ 3–5 ಸೆಂ.ಮೀ ಮೇಲೆ ಬಂದುಬಿಡುತ್ತದೆ. ಅದಕ್ಕೇ ಕ್ಯಾಮೆರಾ ಹಲಗೆಯ ಹೊರಗೆ, ಅಂಚಿಗಿಂತ ಕೆಳಗೆ ಇಳಿದು ಕೂರಬೇಕು. ಅಡ್ಡ ಬರುವುದು ನಿಮ್ಮ ಆ 3 ಸೆಂ.ಮೀ ಬೀಡಿಂಗ್. ಪೂರ್ತಿ ತೆಗೆಯುವುದು ಬೇಡ ಎಂದಿದ್ದರೆ 20 ಸೆಂ.ಮೀ ಅಗಲದ ಮೂರು ತುಂಡುಗಳನ್ನಾದರೂ ಬಿಚ್ಚಿ ಹಾಕುವ ಹಾಗೆ ಸ್ಕ್ರೂ ಮೇಲೆ ನಿಲ್ಲಿಸಿ: ಸ್ಟೇಷನ್ ಎದುರು ಒಂದು, ಎರಡೂ ತುದಿಯ ಪಾಯಿಂಟ್‌ಗಳ (ಹಳಿ ಕವಲೊಡೆಯುವ ಜಾಗಗಳ) ಎದುರು ಒಂದೊಂದು. ಮೊಬೈಲಾದರೆ ತಲೆಕೆಳಗು ಮಾಡಿ ನೆಲಕ್ಕೇ ಇಡಿ. ಲೆನ್ಸ್ ಮೂಲೆಯಲ್ಲಿರುವುದರಿಂದ 1–2 ಸೆಂ.ಮೀ ಎತ್ತರ ತಾನಾಗಿ ಸಿಗುತ್ತದೆ. ದೊಡ್ಡ ಕ್ಯಾಮೆರಾ ನುಗ್ಗದ ಎರಡು ಹಳಿಗಳ ನಡುವೆಯೂ ಅದು ಕೂರುತ್ತದೆ.

ಇಷ್ಟು ಕೆಳಗಿಂದ ನೋಡಿದ ಕೂಡಲೇ ಪರದೆಯ ತಪ್ಪು ಹೊರಬೀಳುತ್ತದೆ. ಸಮತಟ್ಟು ನೆಲದ ದಿಗಂತ ಯಾವಾಗಲೂ ನೋಡುವ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ಲೆನ್ಸ್ 2 ಸೆಂ.ಮೀ ಎತ್ತರದಲ್ಲಿದ್ದು ಹೊಲ 15 ಸೆಂ.ಮೀವರೆಗೆ ಏರಿದರೆ, ಹೊಲವೇ ಗೋಡೆಯಂತೆ ಎದ್ದು ನಿಲ್ಲುತ್ತದೆ. ಬರೆದ ಹೊಲವನ್ನು 3–4 ಸೆಂ.ಮೀಗೆ ಇಳಿಸಿ, ಬೆಟ್ಟ ಅದರ ಮೇಲೆ ಎಷ್ಟು ಬೇಕಾದರೂ ಏಳಲಿ, ಅದು ಸಹಜ. ಹಲಗೆ ಮತ್ತು ಪರದೆ ಸೇರುವ ಗೆರೆಗೆ ಬೇಲಿ, ಪೊದೆ, ಕುಳ್ಳ ಮರ ಅಡ್ಡ ಕೊಡಿ. ಆಕಾಶ ದಿಗಂತದ ಹತ್ತಿರ ಬಿಳಿಚಿಕೊಂಡಿರಬೇಕು, ಮೇಲೆ ಹೋದಂತೆ ನೀಲಿ. ಬಣ್ಣ ಮ್ಯಾಟ್ ಆಗಿರಲಿ, ಸ್ವಲ್ಪ ಹೊಳಪಿದ್ದರೂ ದೀಪ ಅದರಲ್ಲಿ ಮೂಡುತ್ತದೆ. ಮೂಲೆಗಳನ್ನು 30 ಸೆಂ.ಮೀ ತ್ರಿಜ್ಯದಲ್ಲಿ ಬಾಗಿಸಿ. 1 ಮಿ.ಮೀ ಪ್ಲಾಸ್ಟಿಕ್ ಶೀಟ್ ಸುಲಭವಾಗಿ ಬಾಗುತ್ತದೆ.

ಪಿನ್ ಮಾತ್ರ ಹೊಡೆದಿರುವುದರಿಂದ ಇನ್ನೊಂದು ಕೆಲಸ: ಇಡೀ ಹಳಿಗುಂಪನ್ನು 5 ಡಿಗ್ರಿ ಓರೆ ಮಾಡಿ. 240 ಸೆಂ.ಮೀ ಉದ್ದಕ್ಕೆ ಒಂದು ತುದಿ ಇನ್ನೊಂದಕ್ಕಿಂತ 21 ಸೆಂ.ಮೀ ಹಿಂದೆ ಹೋಗುತ್ತದೆ. ಅಂಚಿಗೆ ಸಮಾನಾಂತರ ಹಳಿ ಕಂಡ ಕೂಡಲೇ ಹಲಗೆಯ ಆಕಾರ ಗೊತ್ತಾಗಿಬಿಡುತ್ತದೆ. ಹಿಂದೆ ಹೋದ ತುದಿಯಲ್ಲೂ ಹಳಿಗೂ ಪರದೆಗೂ ನಡುವೆ 15 ಸೆಂ.ಮೀ ಉಳಿಯಲಿ, ಇಲ್ಲದಿದ್ದರೆ ಬೋಗಿಯ ನೆರಳು ಆಕಾಶದ ಮೇಲೆ ಬೀಳುತ್ತದೆ.

ಇನ್ನು ಮಸುಕಿನ ವಿಚಾರ. ಎಪಿಎಸ್‌-ಸಿಯಲ್ಲಿ 35 ಮಿ.ಮೀ, ಎಫ್/11 (ಲೆನ್ಸ್ ದ್ವಾರದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ದ್ವಾರ ಕಿರಿದು), 30 ಸೆಂ.ಮೀ ದೂರ ಎಂದಿಟ್ಟುಕೊಂಡರೆ ಸ್ಪಷ್ಟವಾಗಿ ಬರುವ ಆಳ ಸುಮಾರು 3 ಸೆಂ.ಮೀ. 18 ಮಿ.ಮೀಗೆ ಹೋದರೆ 11 ಸೆಂ.ಮೀ ಹತ್ತಿರ. ನಿಮ್ಮ ಇಂಜಿನ್ ಒಂದೇ 20 ಸೆಂ.ಮೀ ಇದ್ದೀತು. ಎಫ್/22ಕ್ಕೆ ಮುಚ್ಚಿದರೆ ಆಳ ಹೆಚ್ಚುತ್ತದೆ ನಿಜ, ಆದರೆ ಡಿಫ್ರಾಕ್ಷನ್‌ನಿಂದ (ಕಿರಿದಾದ ದ್ವಾರದಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರವೇ ಮೆತ್ತಗಾಗುತ್ತದೆ. ದಾರಿ ಎಂದರೆ ಫೋಕಸ್ ಸ್ಟ್ಯಾಕಿಂಗ್, ಅಂದರೆ ಬೇರೆ ಬೇರೆ ದೂರಕ್ಕೆ ಫೋಕಸ್ ಮಾಡಿದ ಹಲವು ಫ್ರೇಮ್ ಸೇರಿಸಿ ಒಂದು ಚಿತ್ರ ಮಾಡುವುದು: ಎಫ್/8, ಐಎಸ್‌ಓ 100, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರೂ ಮ್ಯಾನುಯಲ್, 2 ಸೆಕೆಂಡ್ ಟೈಮರ್. ಎಲ್ಲಕ್ಕಿಂತ ಹತ್ತಿರದ ಜಲ್ಲಿಕಲ್ಲಿನಿಂದ ಶುರುಮಾಡಿ, ಫೋಕಸ್ ರಿಂಗನ್ನು ಚೂರುಚೂರೇ ತಿರುಗಿಸುತ್ತ ಪರದೆಯವರೆಗೆ 12–15 ಫ್ರೇಮ್. ಮುಂಭಾಗದಲ್ಲಿ ಹೆಜ್ಜೆ ತೀರಾ ಸಣ್ಣದಿರಲಿ, ಹಿಂದೆ ಹೋದಂತೆ ದೊಡ್ಡದಾದರೂ ನಡೆಯುತ್ತದೆ. ಫೋಕಸ್ ಬದಲಾದಂತೆ ಚಿತ್ರದ ಅಳತೆಯೂ ಚೂರು ಬದಲಾಗುವುದರಿಂದ ಸುತ್ತ ಹತ್ತನೇ ಒಂದು ಭಾಗ ಕತ್ತರಿಸಲು ಬಿಡಿ. ಜೋಡಿಸಲು ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್ ಎಂಬ ಸಾಫ್ಟ್‌ವೇರ್ ಇವೆ. ಉಚಿತವಾಗಿ ಬೇಕಾದರೆ ಹ್ಯುಗಿನ್ ಜೊತೆಗೆ ಬರುವ ಎನ್‌ಫ್ಯೂಸ್ ಸಾಕು.

ಜಲ್ಲಿಕಲ್ಲು:

ಮಸೂರ ಅವರು ಹೇಳಿದ ಎತ್ತರದಿಂದ ತೆಗೆದರೆ ಚಿತ್ರದ ಕೆಳಗಿನ ಮೂರನೇ ಒಂದು ಭಾಗ ಬರೀ ಹಳಿ ಮತ್ತು ಜಲ್ಲಿ. ಅದರ ಅಳತೆ ತಪ್ಪಿದರೆ ಮಿಕ್ಕಿದ್ದು ಎಷ್ಟು ಚೆನ್ನಾಗಿದ್ದರೂ ಕೆಲಸಕ್ಕೆ ಬರುವುದಿಲ್ಲ.

ನಿಜವಾದ ಹಳಿಯ ಜಲ್ಲಿ 5 ಸೆಂ.ಮೀ ಆಸುಪಾಸು ಎಂದರೆ ನಮ್ಮ ಅಳತೆಗೆ 0.6 ಮಿ.ಮೀ. ಒಂದೂವರೆ ಮಿ.ಮೀ ಕಣ ಹಾಕಿದರೆ 13 ಸೆಂ.ಮೀ ಕಲ್ಲು, ಹಳಿ ಮೇಲೆ ತೆಂಗಿನಕಾಯಿ ಸುರಿದ ಹಾಗೆ. 0.4ರಿಂದ 0.7 ಮಿ.ಮೀ ನಡುವಿನದ್ದನ್ನು ಜರಡಿ ಹಿಡಿದು ತೆಗೆಯಿರಿ. ನಿಜವಾದ ಕಲ್ಲಿನ ಪುಡಿಯೇ ಒಳ್ಳೆಯದು; ಕಾಯಿಸಿಪ್ಪೆಯ ಪುಡಿ ಹಗುರ, ಗೋಂದುನೀರು ಬಿಟ್ಟ ಕೂಡಲೇ ತೇಲುತ್ತದೆ. ಕಲ್ಲುಪುಡಿಯನ್ನು ಕಾಗದದ ಮೇಲೆ ಹರಡಿ ಅಯಸ್ಕಾಂತ ಆಡಿಸುವುದನ್ನು ಮಾತ್ರ ಬಿಡಬೇಡಿ. ಕಬ್ಬಿಣದ ಕಣ ಇದ್ದರೆ ಇಂಜಿನ್ನಿನ ಮೋಟರ್ ಎಳೆದುಕೊಂಡು ಗೇರ್ ಕೆಡುತ್ತದೆ.

ಜಲ್ಲಿಗೆ ಮುಂಚೆ ಬಣ್ಣ. ಕೋಡ್ 100 ಎಂದರೆ ಹಳಿಯ ಎತ್ತರ 2.54 ಮಿ.ಮೀ, 87ರಿಂದ ಗುಣಿಸಿದರೆ 22 ಸೆಂ.ಮೀ. ನಿಜವಾದ ರೈಲುದಾರಿಯ ಭಾರೀ ಯುಐಸಿ 60 ಹಳಿಯೇ 17.2 ಸೆಂ.ಮೀ. ಕೋಡ್ 75 ಆದರೆ 16.6 ಬರುತ್ತದೆ, ಬಹಳ ಹತ್ತಿರ. ನನ್ನ ಮಾತು ಕೇಳಿದರೆ ಮುಂದಿನ ಸಾಲಿನ ಹಳಿಯನ್ನಾದರೂ ಕೋಡ್ 75ಕ್ಕೆ ಬದಲಿಸಿ. ಎರಡು ಎತ್ತರ ಸೇರುವಲ್ಲಿ ಕುಳ್ಳ ಹಳಿಯ ಸ್ಲೀಪರ್ (ಹಳಿಯಡಿಯ ಅಡ್ಡಪಟ್ಟಿ) ಕೆಳಗೆ 0.6 ಮಿ.ಮೀ ಪ್ಲಾಸ್ಟಿಕ್ ಚೂರು ಕೊಟ್ಟು, ಮೇಲ್ಮೈ ಬೆರಳಿಗೆ ಸಮ ಬಂದ ಮೇಲೆ ಜಾಯ್ನರ್ (ಎರಡು ಹಳಿ ತುಂಡು ಸೇರಿಸುವ ಲೋಹದ ಚೂರು) ಚಪ್ಪಟೆ ಮಾಡಿ ಬೆಸೆಯಬೇಕು. ಒಳಮಗ್ಗುಲೂ ಒಂದೇ ಗೆರೆಯಲ್ಲಿರಲಿ, ಇಲ್ಲದಿದ್ದರೆ ಚಕ್ರ ಅಲ್ಲೇ ಹಾರುತ್ತದೆ. ಬದಲಿಸದಿದ್ದರೂ ಹಳಿಯ ಎರಡೂ ಮಗ್ಗುಲಿಗೆ ತುಕ್ಕುಗಂದು ಬಣ್ಣ ಬಳಿದು, ಅದು ಒಣಗುವ ಮುಂಚೆ ತಲೆಯನ್ನು ಬಟ್ಟೆಯಿಂದ ಒರೆಸಿ. ಎತ್ತರ ಎದ್ದು ಕಾಣುವುದು ಅಷ್ಟರಲ್ಲೇ ಕಡಿಮೆಯಾಗುತ್ತದೆ. ಸ್ಲೀಪರ್‌ಗಳ ಪ್ಲಾಸ್ಟಿಕ್ ಹೊಳಪನ್ನು ಮ್ಯಾಟ್ ಬೂದು-ಕಂದು ಸ್ಪ್ರೇಯಿಂದ ತೆಗೆಯಿರಿ.

ಹಾಕುವ ಕ್ರಮ: ಮೀಟರ್ ಹಳಿಗೆ ಸುಮಾರು 100–150 ಮಿ.ಲೀ ಜಲ್ಲಿ ಬೇಕಾಗುತ್ತದೆ. ಒಣಗಿದ್ದಾಗಲೇ ಮೆತ್ತನೆ ಬ್ರಶ್ಶಿನಲ್ಲಿ ಆಕಾರ ಪೂರ್ತಿ ಕೂರಿಸಿ; ಸ್ಲೀಪರಿನ ಮೇಲ್ಮೈಗಿಂತ ಕೂದಲೆಳೆ ಕೆಳಗಿರಬೇಕು, ಮೇಲೆ ಒಂದು ಕಣವೂ ಕೂಡದು. ಬೆರಳಿನಿಂದ ಹಳಿಯನ್ನು ಮೆಲ್ಲಗೆ ತಟ್ಟಿದರೆ ಉಳಿದ ಕಣ ತಾನಾಗಿ ಇಳಿಯುತ್ತದೆ. ಆಮೇಲೆ ನೀರಿಗೆ ಅರ್ಧದಷ್ಟು ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ ಮಂಜಿನಂತೆ ಸಿಂಪಡಿಸಿ, ಸ್ಪ್ರೇ ಬಾಯಿ ಮೇಲಕ್ಕೆ ಹಿಡಿದು. ನೇರ ಹೊಡೆದರೆ ಗುಂಡಿ ಬೀಳುತ್ತದೆ. ಚೆನ್ನಾಗಿ ನೆಂದ ಮೇಲೆ ಅಕ್ರಿಲಿಕ್ ಮ್ಯಾಟ್ ಮೀಡಿಯಂ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ, ಡ್ರಾಪರಿನಲ್ಲಿ ಸ್ಲೀಪರ್ ತುದಿಯಿಂದ ಬಿಡಿ. ಪಿವಿಎ ಗೋಂದು ಸಮಪಾಲು ನೀರಿನಲ್ಲಿ ಹಾಕುವವರೇ ಹೆಚ್ಚು, ಹಿಡಿಯುವುದೂ ಗಟ್ಟಿ. ಆದರೆ ಅದು ಕೆಲವೆಡೆ ಹೊಳಪು ಬಿಡುತ್ತದೆ, ಗಾಡಿಯ ಸದ್ದನ್ನೂ ಹಲಗೆಗೆ ದಾಟಿಸುತ್ತದೆ. 24 ಗಂಟೆ ಮುಟ್ಟಬೇಡಿ.

ಪಾಯಿಂಟ್ ಹತ್ತಿರ ಬೇರೆಯದೇ ಎಚ್ಚರ ಬೇಕು. ಟೈಬಾರ್ (ಪಾಯಿಂಟಿನ ಚಲಿಸುವ ಬ್ಲೇಡುಗಳನ್ನು ಜೋಡಿಸುವ ಅಡ್ಡಕಡ್ಡಿ) ಅಕ್ಕಪಕ್ಕ ಜಲ್ಲಿ ತೆಳುವಾಗಿ ಉದುರಿಸಿ, ಗೋಂದನ್ನು ಎರಡು ಸ್ಲೀಪರ್ ದೂರದಲ್ಲೇ ನಿಲ್ಲಿಸಿ. ಅದು ಕಣಗಳ ನಡುವೆ ತಾನಾಗಿ ಹರಿದುಬರುತ್ತದೆ. ಚಲಿಸುವ ಬ್ಲೇಡಿಗೆ ಮೊದಲೇ ಪ್ಲಾಸ್ಟಿಕ್ಕಿಗೆ ಹಾನಿಮಾಡದ ಎಣ್ಣೆ ಒಂದು ತೊಟ್ಟು ಮುಟ್ಟಿಸಿದರೆ ಅಂಟುವುದಿಲ್ಲ. ಒಣಗುವವರೆಗೆ ಅರ್ಧ ಗಂಟೆಗೊಮ್ಮೆ ಪಾಯಿಂಟನ್ನು ಆಚೀಚೆ ಆಡಿಸುತ್ತಿರಿ.

ಬೆಸುಗೆಕಡ್ಡಿ:

ಜಲ್ಲಿಗೆ ಮುಂಚೆ ಕರೆಂಟ್ ಕೆಲಸ ಮುಗಿಸಿಕೊಳ್ಳಿ ಸರ್. ಗೋಂದುನೀರು ಜಾಯ್ನರ್ ಒಳಗೆ ಇಳಿದರೆ ಸಂಪರ್ಕ ತಪ್ಪುತ್ತದೆ. ಆಗಲ್ಲದಿದ್ದರೆ ಕೆಲವು ತಿಂಗಳಾದ ಮೇಲೆ. ಜಾಯ್ನರನ್ನು ನಂಬದೆ, ಹಳಿಯ ಪ್ರತಿ ತುಂಡಿಗೂ ಎರಡೂ ಕಡೆ 0.5 ಚದರ ಮಿ.ಮೀ ತಂತಿ ಬೆಸೆದು ಕೆಳಗಿಳಿಸಿ, ಉದ್ದ 30 ಸೆಂ.ಮೀ ಮೀರದಂತೆ. ಕೆಳಗೆ ಮುಖ್ಯ ತಂತಿ 1.5 ಚದರ ಮಿ.ಮೀ ಈ ಉದ್ದಕ್ಕೆ ಧಾರಾಳ. ಬೆಸುಗೆ ಹಳಿಯ ಹೊರಮಗ್ಗುಲಿಗೆ, ಆದಷ್ಟೂ ಕ್ಯಾಮೆರಾಗೆ ಕಾಣದಂತೆ. ಡಿಸಿಸಿ (ಹಳಿಯ ಮೂಲಕ ಡಿಜಿಟಲ್ ಸಂಕೇತ ಕಳಿಸಿ ಗಾಡಿ ನಿಯಂತ್ರಿಸುವ ವ್ಯವಸ್ಥೆ) ಆಗಿದ್ದರೆ ಎಲ್ಲ ಮುಗಿದ ಮೇಲೆ ಪ್ರತಿ ತುಂಡಿನ ಮೇಲೂ ನಾಣ್ಯ ಅಡ್ಡ ಇಡಿ: ಎಲ್ಲಿಟ್ಟರೂ ತಕ್ಷಣ ಟ್ರಿಪ್ ಆಗಬೇಕು. ಆಗದ ಕಡೆ ತಂತಿ ತೆಳುವಾಗಿದೆ ಅಥವಾ ಬೆಸುಗೆ ಸಡಿಲ.

ಹಳಿ ತುಂಡುಗಳ ನಡುವೆ ಅರ್ಧ ಮಿ.ಮೀ ಸಂದು ಬಿಡಿ. 20 ಡಿಗ್ರಿ ಬಿಸಿ ಏರಿದರೆ ಮೀಟರ್ ನಿಕಲ್ ಸಿಲ್ವರ್ ಹಳಿ ಮೂರನೇ ಒಂದು ಮಿ.ಮೀ ಬೆಳೆಯುತ್ತದೆ. ಅದಕ್ಕಿಂತ ಹೆಚ್ಚು ಕಾಡುವುದು ತೇವಕ್ಕೆ ಉಬ್ಬಿ ಕುಗ್ಗುವ ಮರ. ಪ್ಲೈವುಡ್ಡಿನ ಅಡಿಭಾಗ, ಕತ್ತರಿಸಿದ ಅಂಚು ಎಲ್ಲಕ್ಕೂ ವಾರ್ನಿಶ್ ಬಳಿಯಿರಿ. ಗುಡ್ಡಕ್ಕೆ ಥರ್ಮೋಕೋಲ್ ಬಳಸುವುದಾದರೆ ಪಿವಿಸಿ ತಂತಿ ಅದಕ್ಕೆ ತಾಗದಿರಲಿ. ತಂತಿಯ ಹೊದಿಕೆಯನ್ನು ಮೆದುವಾಗಿಡುವ ಅಂಶ ಥರ್ಮೋಕೋಲಿಗೆ ಇಳಿದು ಹೊದಿಕೆ ಕಾಲಕ್ರಮೇಣ ಬಿರುಸಾಗಿ ಒಡೆಯುತ್ತದೆ. ಕೊಳವೆಯೊಳಗೆ ಹಾಕಿ ಒಯ್ಯಿರಿ.

ಕಿರುಹಳಿ:

ಎಲ್ಲರಿಗೂ ತುಂಬಾ ಧನ್ಯವಾದ. ಹಳಿ ಓರೆ ಮಾಡುವುದು, ಬೀಡಿಂಗ್ ಬಿಚ್ಚುವುದು ಎರಡೂ ಆಗುವ ಕೆಲಸ. ಇನ್ನೂ ಎರಡು ಕೇಳುವುದಿದೆ. ಒಂದು, ಬೆಳಕು ಹೇಗಿಡಲಿ? ಎಲ್‌ಇಡಿ ಪಟ್ಟಿಯಲ್ಲಿ ಮೊಬೈಲ್‌ನಿಂದ ತೆಗೆದರೆ ಅಡ್ಡಪಟ್ಟೆ ಬರುತ್ತಿದೆ. ಎರಡು, ಸ್ಟ್ಯಾಕ್ ಮಾಡಿದ ಚಿತ್ರದಲ್ಲಿ ಸಿಗ್ನಲ್ ಕಂಬದ ಸುತ್ತ ಮಸುಕಾದ ಪ್ರಭೆ ಉಳಿಯುತ್ತಿದೆ.

ಮಸೂರ:

ಅಡ್ಡಪಟ್ಟೆಗೆ ಕಾರಣ ಡಿಮ್ಮರ್. ಅದು ದೀಪವನ್ನು ಬಲುಬೇಗ ಹೊತ್ತಿಸಿ ಆರಿಸಿ ಬೆಳಕು ತಗ್ಗಿಸುತ್ತದೆ, ಚುರುಕು ಶಟರ್‌ಗೆ ಅದು ಸಿಕ್ಕಿಬೀಳುತ್ತದೆ. ಡಿಮ್ಮರ್ ತೆಗೆದು ಪೂರ್ಣ ಬೆಳಕಿನಲ್ಲಿ ಇಡಿ. ಕ್ಯಾಮೆರಾದಲ್ಲಿ ಅರ್ಧ ಸೆಕೆಂಡಿನ ಎಕ್ಸ್‌ಪೋಷರ್ ಆದರೆ ಪಟ್ಟೆ ಸರಾಸರಿಯಾಗಿ ಮಾಯವಾಗುತ್ತದೆ.

ಆದರೆ ಆ ಪಟ್ಟಿಯನ್ನು ಮುಖ್ಯ ಬೆಳಕಾಗಿ ಇಟ್ಟುಕೊಳ್ಳಲೇಬೇಡಿ. ಹೊರಗೆ ಸೂರ್ಯ ಒಬ್ಬನೇ, ನೆರಳೂ ಒಂದೇ ಇರಬೇಕು. ಆಕಾಶದಲ್ಲಿ ಸೂರ್ಯ ಅರ್ಧ ಡಿಗ್ರಿ ಅಗಲ ಕಾಣುತ್ತಾನೆ. 3 ಮೀಟರ್ ದೂರದಲ್ಲಿ ಅಷ್ಟೇ ಅಗಲ ಕಾಣಲು ದೀಪದ ಬೆಳಗುವ ಭಾಗ 3 ಸೆಂ.ಮೀ ಇರಬೇಕು. ಅಂಥ ಒಂದೇ ದೀಪವನ್ನು ಅಷ್ಟು ದೂರದಲ್ಲಿ, ಎಡಗಡೆ ಮೇಲೆ, ಕ್ಯಾಮೆರಾದ ಹಿಂದಿನಿಂದ ಓರೆಯಾಗಿ ಬೀಳುವಂತೆ ಇಡಿ. ನೆರಳಿನ ಅಂಚು ನಿಜವಾದ ಬಿಸಿಲಿನದ್ದೇ ಆಗಿ ಬರುತ್ತದೆ. ದೂರ ಇಡುವುದಕ್ಕೆ ಇನ್ನೂ ಎರಡು ಕಾರಣ. 60 ಸೆಂ.ಮೀ ಅಂತರದ ಎರಡು ಕಂಬಗಳ ನೆರಳು, ದೀಪ ಒಂದೂವರೆ ಮೀಟರಿನಲ್ಲಿದ್ದರೆ 22 ಡಿಗ್ರಿಯಷ್ಟು ಬೇರೆ ದಿಕ್ಕಿಗೆ ಹೋಗುತ್ತವೆ, 3 ಮೀಟರಿನಲ್ಲಿ 11. ಜೊತೆಗೆ ಹಲಗೆಯ ಒಂದು ತುದಿಗೆ 1 ಮೀಟರಿನಲ್ಲಿಟ್ಟ ದೀಪ ಇನ್ನೊಂದು ತುದಿಗೆ ಹನ್ನೊಂದೂವರೆ ಪಟ್ಟು ಕಡಿಮೆ ಬೆಳಕು ಕೊಡುತ್ತದೆ. ನೆರಳಿನ ಭಾಗ ಕಪ್ಪಾದರೆ ಎದುರಿಗೆ ಬಿಳಿ ಥರ್ಮೋಕೋಲ್ ಹಲಗೆ ಹಿಡಿಯಿರಿ, ಇನ್ನೊಂದು ದೀಪ ಬೇಡ. ದೀಪ 5000–5500 ಕೆಲ್ವಿನ್, ಸಿಆರ್‌ಐ (ಬಣ್ಣಗಳನ್ನು ಎಷ್ಟು ನೈಜವಾಗಿ ತೋರಿಸುತ್ತದೆ ಎಂಬ ಅಂಕ) 90ಕ್ಕಿಂತ ಮೇಲೆ. ಅದಕ್ಕಿಂತ ಕಡಿಮೆಯಾದರೆ ತುಕ್ಕು, ಇಟ್ಟಿಗೆ, ಮಣ್ಣಿನ ಕೆಂಪು ಸತ್ತುಹೋಗುತ್ತದೆ. ಟ್ಯೂಬ್‌ಲೈಟ್ ಆರಿಸಿ, ಕಿಟಕಿಗೆ ಪರದೆ ಎಳೆಯಿರಿ.

ಪ್ರಭೆ ಬರುವುದು ಹತ್ತಿರದ ತೆಳು ವಸ್ತುವಿನ ಹಿಂದೆ ದೂರದ ಬೆಳಕಿದ್ದಾಗ. ಹಿಂದಿನ ಆಕಾಶಕ್ಕೆ ಫೋಕಸ್ ಮಾಡಿದ ಫ್ರೇಮಿನಲ್ಲಿ ಕಂಬ ಮಸುಕಾಗಿ ಅಗಲವಾಗಿರುತ್ತದೆ, ಅದರ ಅಂಚನ್ನೇ ಸಾಫ್ಟ್‌ವೇರ್ ತೆಗೆದುಕೊಂಡುಬಿಡುತ್ತದೆ. ರಿಟಚ್ ಬ್ರಶ್ಶಿನಲ್ಲಿ, ಕಂಬ ಸ್ಪಷ್ಟವಿರುವ ಒಂದೇ ಫ್ರೇಮಿನಿಂದ ಕಂಬ ಮತ್ತು ಸುತ್ತಲಿನ ಆಕಾಶ ಎರಡನ್ನೂ ಬಳಿಯಿರಿ. ಆಕಾಶ ಬರೀ ಬಣ್ಣವಾದ್ದರಿಂದ ಅದು ಮಸುಕಿದ್ದರೂ ತಿಳಿಯುವುದಿಲ್ಲ. ಕಂಬದ ಹಿಂದೆ ಎಲೆ, ಬೇಲಿ ಇದ್ದರೆ ಈ ಉಪಾಯ ನಡೆಯದು. ಹಾಗಾಗಿ ಸಿಗ್ನಲನ್ನು ಬರಿಯ ಆಕಾಶ ಹಿಂದೆ ಬರುವ ಜಾಗದಲ್ಲೇ ನೆಡಿ.

ಜಲ್ಲಿಕಲ್ಲು:

ಒಂದು ಸೇರಿಸುತ್ತೇನೆ: ಹಳಿ ಪಕ್ಕದ ಹುಲ್ಲಿಗೂ ಅದೇ 87ರ ಲೆಕ್ಕ. 2 ಮಿ.ಮೀ ಸ್ಟ್ಯಾಟಿಕ್ ಹುಲ್ಲು (ಸ್ಥಿರವಿದ್ಯುತ್ತಿನಿಂದ ನೆಟ್ಟಗೆ ನಿಲ್ಲಿಸುವ ಕೃತಕ ಎಳೆ) ಎಂದರೆ 17 ಸೆಂ.ಮೀ, 6 ಮಿ.ಮೀ ಎಂದರೆ ಅರ್ಧ ಮೀಟರ್. ಜಲ್ಲಿಯ ಅಂಚಿಗೆ 2, ಆಚೆ 4, ಬೇಲಿ ಬುಡಕ್ಕೆ ಮಾತ್ರ 6. ಒಂದೇ ಹಸಿರು ಬೇಡ, ಕಾಲು ಭಾಗ ಒಣಹುಲ್ಲಿನ ಬಣ್ಣ ಬೆರೆಸಿ. ಫೋಟೋಗೆ ಮುಂಚೆ ಮೆತ್ತನೆ ಮೇಕಪ್ ಬ್ರಶ್ಶಿನಲ್ಲಿ ಇಂಜಿನ್ನಿನ ಚಾವಣಿ ಒರೆಸಿ, ಚಕ್ರದ ಹೊರಮುಖದ ಬೆಳ್ಳಿ ಹೊಳಪಿಗೆ ಮ್ಯಾಟ್ ಕಂದು ಬಳಿಯಿರಿ. ಹಳಿ ಮೇಲೆ ಕೂರುವ ಅಂಚಿಗೆ ಮಾತ್ರ ಬಣ್ಣ ತಾಗಬಾರದು, ಅಲ್ಲಿಂದಲೇ ಕರೆಂಟ್ ಬರಬೇಕು.