ಎರಕದೊಳಗಿನ ಥರ್ಮಾಕೋಲ್ ಸುಡುತ್ತದೋ, ಕರಗುತ್ತದೋ, ಮುರುಟುತ್ತದೋ?

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಫೌಂಡ್ರಿಯ ಕೆಲಸಗಾರರಿಗಾಗಿ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಕ್ರಿಯಾಪದ ಮೂರು ದಿನದಿಂದ ಸತಾಯಿಸುತ್ತಿದೆ.

ವಿಷಯ ಲಾಸ್ಟ್ ಫೋಮ್ ಎರಕ. ಬೇಕಾದ ಭಾಗವನ್ನು ಮೊದಲು ಥರ್ಮಾಕೋಲಿನಲ್ಲಿ ಮಾಡುತ್ತಾರೆ. ಅದಕ್ಕೆ ಕೋಟಿಂಗ್ ಬಳಿದು, ಒಣಗಿಸಿ, ಒಣ ಮರಳಲ್ಲಿ ಹೂತು, ಅಲ್ಲಾಡಿಸಿ ಮರಳು ಕೂರಿಸುತ್ತಾರೆ. ಥರ್ಮಾಕೋಲನ್ನು ಹೊರಗೆ ತೆಗೆಯುವುದೇ ಇಲ್ಲ. ಅದರ ಮೇಲೇ ಕರಗಿದ ಅಲ್ಯೂಮಿನಿಯಂ ಹೊಯ್ಯುತ್ತಾರೆ. ಲೋಹ ನುಗ್ಗಿದ ಹಾಗೆ ಥರ್ಮಾಕೋಲ್ ಜಾಗ ಬಿಡಬೇಕು. ಈ ಜಾಗ ಬಿಡುವುದಕ್ಕೆ ಏನನ್ನೋಣ?

ಅಲ್ಲಿಯವರ ಮಾತಲ್ಲಿ ಅದು ‘ಸುಟ್ಟೋಗುತ್ತೆ’. ಸುಡುವುದಕ್ಕೆ ಮರಳಿನೊಳಗೆ ಅಷ್ಟು ಗಾಳಿ ಎಲ್ಲಿದೆ? ‘ಆವಿಯಾಗುತ್ತದೆ’ ಅನ್ನುವುದು 1300 ಡಿಗ್ರಿ ದಾಟಿದ ಕಬ್ಬಿಣಕ್ಕಾದರೆ ಹೆಚ್ಚುಕಮ್ಮಿ ನಡೆದೀತು. ಅಲ್ಯೂಮಿನಿಯಂ ಹೊಯ್ಯುವುದು 700–800 ಡಿಗ್ರಿಯ ಸುಮಾರಿಗೆ. ಆ ಬಿಸಿಗೆ ಥರ್ಮಾಕೋಲ್ ಮುರುಟಿ, ಅಂಟಂಟಾಗಿ ಕರಗುತ್ತದೆ. ಒಂದಷ್ಟು ಅನಿಲವಾಗುತ್ತದೆ, ಉಳಿದ ಅಂಟನ್ನು ಕೋಟಿಂಗ್ ಹೀರಿಕೊಳ್ಳಬೇಕು. ಇಷ್ಟಕ್ಕೂ ಬೇಕಾದ ಶಾಖ ಲೋಹದ್ದೇ. ಹಾಗಾಗಿ ಮುಂದೆ ಹರಿಯುವ ಲೋಹ ಬೇಗ ತಣಿಯುತ್ತದೆ. ಎರಡು ಕಡೆಯಿಂದ ಬಂದದ್ದು ಕೂಡುವಲ್ಲಿ ಅಂಟು ಸಿಕ್ಕಿಕೊಂಡರೆ ಮುಗೀತು, ಬೆಸೆಯುವುದಿಲ್ಲ.

ಮೊನ್ನೆ ಅಂಥದ್ದೊಂದು ಬ್ರಾಕೆಟ್ ಕೈಗೆ ಕೊಟ್ಟರು. ಮೈಮೇಲೆಲ್ಲ ಥರ್ಮಾಕೋಲ್ ಮಣಿಗಳ ಅಚ್ಚು, ನಡುವೆ ಕೂದಲೆಳೆಯಂಥ ಗೆರೆ. ಉಗುರು ಆಡಿಸಿದರೆ ತಡೆಯುತ್ತದೆ. ಇದೇ ‘ಫೋಲ್ಡ್’. ನಾನು ‘ಮಡಿಕೆ’ ಅಂತ ಬರೆದಿದ್ದೆ. ಕರಡು ಓದಿದವರೊಬ್ಬರು ‘ಸೀರೆ ಮಡಿಕೆನಾ ಸಾರ್?’ ಅಂದರು. ಸುಮ್ನೆ ‘ಬೆಸೆಯದ ಗೆರೆ’ ಅಂತ ತಿದ್ದಿದೆ.

ಮತ್ತೆ ಕ್ರಿಯಾಪದಕ್ಕೆ ಬರೋಣ. ನಿಘಂಟಿನ ‘ವಿಘಟನೆ’ ನನಗೆ ಬೇಡ, ಕುಲುಮೆ ಮುಂದೆ ನಿಂತವನಿಗೆ ಅದರಿಂದ ಏನೂ ಕಾಣುವುದಿಲ್ಲ. ‘ಕರಗು’ ಚೆನ್ನಾಗಿದೆ, ಆದರೆ ಲೋಹ ಕರಗುವುದಕ್ಕೂ ಅದೇ ಪದ ಅಲ್ವಾ? ‘ಕರಗಿದ ಲೋಹದಿಂದ ಥರ್ಮಾಕೋಲ್ ಕರಗಿ’ ಅಂತ ಬರೆದು ನಾನೇ ಎರಡು ಸಲ ಓದಬೇಕಾಯಿತು. ನನಗೆ ‘ಮುರುಟು’ ಜಾಸ್ತಿ ಹಿಡಿಸಿದೆ. ಬೆಂಕಿ ಹತ್ತಿರ ಹೋದ ಕೂದಲು, ಹಸಿ ಎಲೆ ಮುರುಟುವುದನ್ನು ಎಲ್ಲರೂ ಕಂಡಿದ್ದಾರೆ. ತೊಡಕು ಒಂದೇ: ಮುರುಟಿದ್ದು ಮುದ್ದೆಯಾಗಿ ಅಲ್ಲೇ ಉಳಿಯುತ್ತದೆ, ಇಲ್ಲಿ ಅದು ಜಾಗ ಖಾಲಿ ಮಾಡಲೇಬೇಕು. ‘ಮುರುಟಿಹೋಗು’ ಅಂದರೆ ಆ ಅರ್ಥ ಬರುತ್ತದೆಯೇ?

ಮೇಣದ ಅಚ್ಚಿನಿಂದ ವಿಗ್ರಹ ಎರೆಯುವವರು ಯಾರಿಗಾದರೂ ಪರಿಚಯವಿದ್ದರೆ ದಯವಿಟ್ಟು ಕೇಳಿ. ಮೇಣ ಬಿಸಿಗೆ ಇಳಿದು ಹೊರಬರುವುದಕ್ಕೆ ಅವರು ಏನಂತಾರೆ?